ಕೂದಲ ಹಗ್ಗ ವೆನಿಸ್‌ಗೆ ಹೋಯಿತು, ವಿಜಯನಗರಕ್ಕೆ ಬರಲಿಲ್ಲ

ಮಾಗಡಿ ರಸ್ತೆಯಲ್ಲೋ ಮೈಸೂರು ರಸ್ತೆಯಲ್ಲೋ ಬಸ್ಸಿಗೆ ಕಾಯುತ್ತ ನಿಂತವರು ಎದುರಿಗೆ ಬರುವ ಲಾರಿ, ಟೆಂಪೋಗಳ ಬಂಪರ್ ಕಡೆ ಒಂದ್ಸಲ ಕಣ್ಣು ಹಾಯಿಸಬೇಕು. ಕೆಲವದರ ಮೇಲೆ ಕಪ್ಪಗಿನ ಹಗ್ಗವೊಂದು ಸುತ್ತಿಕೊಂಡಿರುತ್ತದೆ. ಅದು ತೆಂಗಿನ ನಾರಿನದಲ್ಲ, ಸೆಣಬಿನದೂ ಅಲ್ಲ, ಮನುಷ್ಯರ ತಲೆಗೂದಲಿನದು. ದೇವಸ್ಥಾನಗಳಲ್ಲಿ ಭಕ್ತರು ಮುಡಿ ಕೊಡುತ್ತಾರಲ್ಲ, ಅದರಲ್ಲಿ ಉದ್ದನೆಯ ಕೂದಲು ಟೋಪನ್ ಮಾಡುವವರ ಪಾಲಾಗಿ ಪರದೇಶಕ್ಕೆ ಹೋಗುತ್ತದೆ. ಉಳಿದ ಗಿಡ್ಡ ಕೂದಲನ್ನು ಹೊಸೆದು ಹಗ್ಗ ಮಾಡಿ ಮಾರುತ್ತಾರೆ. ಗಾಡಿಗೆ ದೃಷ್ಟಿ ತಾಗದಿರಲಿ ಅಂತ ಡ್ರೈವರು ಅದನ್ನು ಕೊಂಡು ಕಟ್ಟುತ್ತಾನೆ. ಅಲ್ಲಿಗೆ ಹಗ್ಗದ ಕಥೆ ಮುಗಿಯಿತು ಅಂತ ಎಲ್ಲರ ಲೆಕ್ಕ.

ಆದರೆ ಮುಗಿದಿಲ್ಲ. 2009ರಲ್ಲಿ ಇದೇ ಕೂದಲ ಹಗ್ಗ, ಒಂದು ಮಾರು ಎರಡು ಮಾರಲ್ಲ, ಸುಮಾರು 4 ಕಿಲೋಮೀಟರ್ ಉದ್ದದ್ದು, ಇಟಲಿಯ ವೆನಿಸ್ ನಗರಕ್ಕೆ ಹೋಯಿತು. ಅಲ್ಲಿ 1895ರಲ್ಲಿ ಶುರುವಾದ ಬಿನಾಲೆ ಎಂಬ ಕಲಾ ಜಾತ್ರೆ ನಡೆಯುತ್ತದೆ. ಅದರ 53ನೇ ಪ್ರದರ್ಶನದಲ್ಲಿ ಈ ಹಗ್ಗ ಕಾರಿನ ಬಂಪರ್‌ಗಳನ್ನು ಹೊತ್ತು ಗೋಡೆಯಿಂದ ಇಳಿಬಿದ್ದು ನೆಲದ ಮೇಲೆ ರಾಶಿಯಾಗಿ ಬಿದ್ದಿತ್ತು. ಕೃತಿಯ ಹೆಸರು ‘ಬಿಹೋಲ್ಡ್’. ಕನ್ನಡದಲ್ಲಿ ‘ಇಗೋ ನೋಡು’ ಎನ್ನಬಹುದು. ಮುಂದೆ ಅದು ಲಂಡನ್ನಿನ ಟೇಟ್ ಮ್ಯೂಸಿಯಮ್ಮಿನ ಸೊತ್ತಾಯಿತು. ಮಾಡಿದವರು ಯಾವ ಇಟಲಿಯವರೂ ಅಲ್ಲ, ಇಂಗ್ಲೆಂಡಿನವರೂ ಅಲ್ಲ. ಬೆಂಗಳೂರಿನ ಶೀಲಾ ಗೌಡ.

ಈ ಹೆಸರನ್ನು ವಿಜಯನಗರದ ಬಸ್ ನಿಲ್ದಾಣದಲ್ಲಿ ನಿಂತು ಹತ್ತು ಮಂದಿಯನ್ನು ಕೇಳಿ ನೋಡಿ. ‘ಯಾರ್ರೀ ಅದು?’ ಅನ್ನೋದೇ ಹೆಚ್ಚು. ಅದು ಆ ಹತ್ತು ಮಂದಿಯ ತಪ್ಪಲ್ಲ. ಸರಕು ಇಲ್ಲಿಯದು, ಕೈ ಇಲ್ಲಿಯದು, ಹೆಸರು ಮಾತ್ರ ಸಮುದ್ರದಾಚೆಯದು. ಯಾಕೆ ಹೀಗಾಯಿತು ಅಂತ ಕೇಳುವ ಹೊತ್ತು ಬಂದಿದೆ.

ಬಣ್ಣ ಬಿಟ್ಟು ಸಗಣಿ ಹಿಡಿದವರು

ಶೀಲಾ ಗೌಡ ಹುಟ್ಟಿದ್ದು 1957ರಲ್ಲಿ, ಭದ್ರಾವತಿಯಲ್ಲಿ. ಚಿತ್ರ ಕಲಿತದ್ದು ಬೆಂಗಳೂರಿನ ಕೆನ್ ಕಲಾಶಾಲೆಯಲ್ಲಿ. ಆರ್. ಎಂ. ಹಡಪದ ಮೇಷ್ಟ್ರು ಕಷ್ಟಪಟ್ಟು ಕಟ್ಟಿ ನಡೆಸಿದ ಶಾಲೆ ಅದು. ಕಾಸಿಲ್ಲದ ಹುಡುಗರೂ ಅಲ್ಲಿ ಕುಂಚ ಹಿಡಿದರು. ಅಲ್ಲಿಂದ ಬರೋಡಾ, ಶಾಂತಿನಿಕೇತನ, ಕೊನೆಗೆ ಲಂಡನ್ನಿನ ರಾಯಲ್ ಕಾಲೇಜ್ ಆಫ್ ಆರ್ಟ್. 1986ರಲ್ಲಿ ಅಲ್ಲಿಯ ಓದು ಮುಗಿಯಿತು. ಅಲ್ಲಿಯವರೆಗೂ ಈಕೆ ಅಪ್ಪಟ ಚಿತ್ರಕಾರರು. ಕ್ಯಾನ್ವಾಸು, ಎಣ್ಣೆ ಬಣ್ಣ, ಕುಂಚ.

1992ರಲ್ಲಿ ದೇಶ ಹೊತ್ತಿ ಉರಿಯಿತು. ಅಯೋಧ್ಯೆಯಲ್ಲಿ ಮಸೀದಿ ಉರುಳಿತು, ಮುಂಬಯಿಯಲ್ಲಿ ನೆತ್ತರು ಹರಿಯಿತು. ಆ ಹೊತ್ತಿನಲ್ಲಿ ಎಣ್ಣೆ ಬಣ್ಣದಿಂದ ಹೇಳಬೇಕಾದ್ದನ್ನು ಹೇಳುವುದಕ್ಕೆ ಆಗುವುದಿಲ್ಲ ಅನ್ನಿಸಿ ಶೀಲಾ ಗೌಡ ಸಗಣಿಗೆ ಕೈ ಹಾಕಿದರು. ಹೌದು, ಸಗಣಿಗೇ. ಹಳ್ಳಿಯಲ್ಲಿ ಅದರಿಂದ ನೆಲ ಸಾರಿಸುತ್ತಾರೆ, ಬೆರಣಿ ತಟ್ಟಿ ಒಲೆ ಉರಿಸುತ್ತಾರೆ, ಪೂಜೆಗೂ ಇಡುತ್ತಾರೆ. ಪೂಜೆಗೂ ಸಲ್ಲುವ, ರಾಜಕೀಯಕ್ಕೂ ಸಿಕ್ಕುವ, ಹೆಂಗಸರ ಕೈಯಲ್ಲಿ ದಿನಾ ನಲುಗುವ ವಸ್ತು. ಚಿತ್ರಕಾರರು ಶಿಲ್ಪಿಯಾದದ್ದು ಹೀಗೆ. ಉಳಿ ಸುತ್ತಿಗೆಯಿಂದಲ್ಲ, ಸಗಣಿಯಿಂದ.

ಆಮೇಲೆ ಬಂದದ್ದು ಸೂಜಿ, ದಾರ, ಕುಂಕುಮ. ಈ ಮೂರೂ ರಾಜಾಜಿನಗರದ ಯಾವ ಗ್ರಂದಿಗೆ ಅಂಗಡಿಯಲ್ಲೂ ಸಿಗುವಂಥವು. ಒಂದು ಸೂಜಿಯ ಕಣ್ಣಿಗೆ ಒಂದು ದಾರ ಪೋಣಿಸಿ ನೂರಾರು ಅಡಿ ಎಳೆಯುವುದು, ಆಮೇಲೆ ಇನ್ನೊಂದು ಸೂಜಿ, ಇನ್ನೊಂದು ದಾರ. ಅವೆಲ್ಲವನ್ನೂ ಒಟ್ಟುಗೂಡಿಸಿ ಕುಂಕುಮ, ಗೋಂದು ಬಳಿದರೆ ಕೆಂಪು ಹುರಿ ಆಯಿತು. ತುದಿಯಲ್ಲಿ ಸೂಜಿಗಳ ಗೊಂಚಲು ಹಾಗೇ ಉಳಿಯುತ್ತದೆ. ನೋಡಿದರೆ ಕರುಳೋ, ನೆತ್ತರೋ, ಮದುವೆ ಮನೆಯ ಸಂಭ್ರಮವೋ ಹೇಳುವುದು ಕಷ್ಟ. 1998ರ ಈ ಕೃತಿಗೆ ‘ನನ್ನ ನೋವು ಅವನಿಗೆ ಹೇಳು’ ಎಂಬರ್ಥದ ಇಂಗ್ಲಿಷ್ ಹೆಸರಿದೆ. ಗಾರ್ಮೆಂಟ್ಸಿನಲ್ಲಿ ಹೊಲಿಗೆ ಮಿಷನ್ ಮುಂದೆ ಕೂತು ಬೆರಳು ತೂತು ಮಾಡಿಕೊಂಡವರಿಗೆ ಆ ಹೆಸರಿನ ಅರ್ಥ ಬಿಡಿಸಿ ಹೇಳಬೇಕಾಗಿಲ್ಲ.

2007ರಲ್ಲಿ ಜರ್ಮನಿಯ ಕಾಸೆಲ್ ಎಂಬ ಊರಿನ ‘ಡಾಕ್ಯುಮೆಂಟಾ’ ಪ್ರದರ್ಶನಕ್ಕೆ ಈಕೆ ಒಯ್ದದ್ದರಲ್ಲಿ ಊದುಬತ್ತಿಯ ಹಿಟ್ಟೂ ಇತ್ತು. ಹಿಟ್ಟನ್ನು ಬೇರೆ ಬೇರೆ ಆಕಾರಕ್ಕೆ ತಟ್ಟಿ, ಜಾಲರಿಯ ಚೌಕಟ್ಟಿನ ಮೇಲಿಟ್ಟು, ಉರಿಸಿ ಬೂದಿ ಮಾಡಿ, ಬೂದಿಯನ್ನೇ ಪ್ರದರ್ಶನಕ್ಕೆ ಬಿಟ್ಟರು. ಬೆಂಗಳೂರಿನ ಗಲ್ಲಿಗಳಲ್ಲಿ ಎಷ್ಟೋ ತಾಯಂದಿರು ಮನೆಯ ಮುಂದೆ ಕೂತು ಬತ್ತಿ ಹೊಸೆದು ಸಂಸಾರ ತೂಗಿಸಿದ್ದಾರೆ. ಅವರ ಕೈಯ ಹಿಟ್ಟು ಕಾಸೆಲ್‌ನಲ್ಲಿ ಯುದ್ಧ ಮುಗಿದ ಊರಿನ ಹಾಗೆ ಬೂದಿಯಾಗಿ ಮಲಗಿತ್ತು.

ಕಾಗೆಬಂಗಾರ, ಒರಳುಕಲ್ಲು

ರಸ್ತೆಗೆ ಡಾಂಬರು ಹಾಕುವ ಕೂಲಿಯವರು ಖಾಲಿ ಡ್ರಮ್ಮನ್ನು ಬಿಸಾಡುವುದಿಲ್ಲ. ಸೀಳಿ, ಬಡಿದು, ತಗಡು ಮಾಡಿ, ರಸ್ತೆ ಪಕ್ಕದಲ್ಲಿ ಗುಡಿಸಲು ಕಟ್ಟಿಕೊಳ್ಳುತ್ತಾರೆ. ಆ ಡ್ರಮ್ಮುಗಳನ್ನೇ ಪೇರಿಸಿ ಶೀಲಾ ಗೌಡ 2006ರಲ್ಲಿ ‘ಡಾರ್ಕ್‌ರೂಮ್’ ಎಂಬ ಕತ್ತಲ ಕೋಣೆ ಕಟ್ಟಿದರು. ಹೊರಗಿನಿಂದ ಕೋಟೆಯ ಹಾಗೆ ಕಾಣುತ್ತದೆ. ಬಗ್ಗಿ ಒಳಗೆ ಹೋಗಿ ತಲೆಯೆತ್ತಿದರೆ ತಗಡಿನಲ್ಲಿ ಕೊರೆದ ಸಣ್ಣ ಸಣ್ಣ ತೂತುಗಳಿಂದ ಬೆಳಕು ಬಿದ್ದು ನಕ್ಷತ್ರದ ಆಕಾಶವೇ ಮೇಲಿದೆ ಅನ್ನಿಸುತ್ತದೆ. ಕೂಲಿಯವನ ಜೋಪಡಿಯ ಮಾಡೂ ಹೀಗೇ ತಾನೇ? ತೂತು ಇದ್ದಷ್ಟೂ ಚುಕ್ಕಿ.

2008ರಲ್ಲಿ ಡ್ರಮ್ಮಿನ ತಗಡು, ಟಾರ್ಪಾಲು, ಅಭ್ರಕ ಸೇರಿಸಿ ಮಾಡಿದ ಇನ್ನೊಂದು ಕೃತಿಗೆ ಇಟ್ಟ ಹೆಸರು ಇಂಗ್ಲಿಷಿನದಲ್ಲ. ‘ಕಾಗೆಬಂಗಾರ’! ಹೊಳೆಯುತ್ತದೆ, ಆದರೆ ಚಿನ್ನವಲ್ಲ. ಕನ್ನಡದ ಈ ಒಂದು ಮಾತನ್ನು ಪರದೇಶದ ಮ್ಯೂಸಿಯಮ್ಮುಗಳು ತಮ್ಮ ಫಲಕಗಳಲ್ಲಿ ಅಕ್ಷರ ಕೂಡಿಸಿ ಬರೆದುಕೊಂಡವು. ಬೆಂಗಳೂರಿನ ಬೋರ್ಡುಗಳಲ್ಲಿ ಕನ್ನಡ ಎಷ್ಟಿರಬೇಕು ಅಂತ ಜಗಳ ಆಡುವವರು ಈ ಸಂಗತಿಯನ್ನೂ ಒಂದು ಸಲ ನೆನೆದರೆ ಒಳ್ಳೆಯದು.

ಇನ್ನು ಒರಳುಕಲ್ಲಿನ ವಿಷಯ. ರಾಜಾಜಿನಗರ, ವಿಜಯನಗರದ ಹಳೇ ಮನೆಗಳ ಅಡಿಗೆಮನೆಯಲ್ಲಿ ನೆಲಕ್ಕೇ ಹೂತ ಒರಳು ಇರುತ್ತಿತ್ತು. ಮಿಕ್ಸಿ ಬಂತು, ವೆಟ್ ಗ್ರೈಂಡರ್ ಬಂತು, ಹಳೇ ಮನೆ ಕೆಡವಿ ನಾಲ್ಕು ಅಂತಸ್ತು ಎಬ್ಬಿಸಿದರು. ಒರಳನ್ನು ಏನು ಮಾಡೋದು? ಒಡೆಯುವುದಕ್ಕೆ ಮನಸ್ಸಿಲ್ಲ, ಅನ್ನ ಕೊಟ್ಟ ಕಲ್ಲು. ಇಟ್ಟುಕೊಳ್ಳುವುದಕ್ಕೆ ಜಾಗ ಇಲ್ಲ. ರಾತ್ರೋರಾತ್ರಿ ಮರದ ಬುಡಕ್ಕೋ ರಸ್ತೆಯ ಮೂಲೆಗೋ ಉರುಳಿಸಿ ಕೈ ತೊಳೆದುಕೊಂಡರು. ಹೀಗೆ ದಿಕ್ಕಿಲ್ಲದೆ ಬಿದ್ದಿದ್ದ ಕಲ್ಲುಗಳನ್ನು ಸುಮಾರು 170ರಷ್ಟು ಒಟ್ಟುಮಾಡಿ, 2012ರ ಡಿಸೆಂಬರಿನಲ್ಲಿ ಶುರುವಾದ ಮೊಟ್ಟಮೊದಲ ಕೊಚ್ಚಿ ಬಿನಾಲೆಗೆ ಶೀಲಾ ಗೌಡ ಮತ್ತು ಕಲಾವಿದ ಕ್ರಿಸ್ಟೋಫ್ ಸ್ಟೋರ್ಜ್ ಸಾಗಿಸಿದರು. ‘ಸ್ಟಾಪ್‌ಓವರ್’ ಅಂತ ಹೆಸರು. ಪ್ರಯಾಣದ ನಡುವೆ ಇಳಿದು ಕೂರುವ ತಂಗುದಾಣ. ಬೆಂಗಳೂರು ಬೇಡವೆಂದ ಕಲ್ಲನ್ನು ನೋಡಲು ಕೊಚ್ಚಿಯಲ್ಲಿ ಜನ ಸಾಲುಗಟ್ಟಿದರು.

‘ಇದೆಲ್ಲಾ ಕಲೇನಾ?’

ಗಲ್ಲಾ ಪೆಟ್ಟಿಗೆಯ ಮುಂದೆ ಕೂತ ಯಜಮಾನರು ಇಷ್ಟು ಹೊತ್ತಿಗೆ ಕೇಳಿರುತ್ತಾರೆ: ‘ಹಗ್ಗ ನೇತುಹಾಕಿದ್ರೆ ಕಲೆ ಆಗೋ ಹಾಗಿದ್ರೆ ನನ್ನ ಅಂಗಡೀನೇ ಒಂದು ಮ್ಯೂಸಿಯಂ ಅಲ್ವೇನ್ರೀ?’ ನ್ಯಾಯವಾದ ಪ್ರಶ್ನೆ. ನಗೆಯಾಡಿ ತಳ್ಳಿಹಾಕುವಂಥದ್ದಲ್ಲ.

ಉತ್ತರವೂ ಅಂಗಡಿಯಲ್ಲೇ ಇದೆ. ಒಂದೇ ಬಗೆಯ ಅಕ್ಕಿ ಹತ್ತು ಅಂಗಡಿಯಲ್ಲಿ ಸಿಗುತ್ತದೆ. ಆದರೂ ಗಿರಾಕಿ ಒಬ್ಬರ ಹತ್ತಿರವೇ ಯಾಕೆ ಹೋಗುತ್ತಾನೆ? ಆರಿಸಿದ ಕಣ್ಣು, ಜೋಡಿಸಿದ ಕೈ, ವರ್ಷಗಟ್ಟಲೆ ಪಟ್ಟ ಶ್ರಮಕ್ಕೆ ಬೆಲೆ ಇದೆ ಅಂತ. ಕೂದಲ ಹಗ್ಗವನ್ನು ದಿನಾ ನೋಡುವ ಲಕ್ಷಾಂತರ ಜನರಲ್ಲಿ ಒಬ್ಬರು ನಿಂತು ಯೋಚಿಸಿದರು: ಭಕ್ತಿ, ಭಯ, ಹೊಟ್ಟೆಪಾಡು, ಪರದೇಶದ ವ್ಯಾಪಾರ, ಮೋಟಾರು ಗಾಡಿಯ ವೇಗ, ಇಷ್ಟೂ ಈ ಒಂದು ಹಗ್ಗದಲ್ಲಿ ಹೊಸೆದುಕೊಂಡಿವೆಯಲ್ಲಾ ಅಂತ. ಆ ಯೋಚನೆಯನ್ನು ಕಣ್ಣಿಗೆ ಕಾಣುವ ಹಾಗೆ ಮಾಡಿದರು. ಕಲೆ ಅನ್ನೋದು ಅದೇ. ಒಪ್ಪದವರು ಒಪ್ಪದೇ ಇರಲಿ. ಆದರೆ ಒಪ್ಪದಿರುವುದಕ್ಕೂ ಮೊದಲು ನೋಡಬೇಕಲ್ಲ? ನೋಡದೆಯೇ ಬೈಯುವ ಅವಕಾಶ ಮಾತ್ರ ಇಲ್ಲಿಯವರಿಗೆ ದಕ್ಕಿದೆ, ನೋಡಿ ಬೈಯುವ ಅವಕಾಶ ಕಾಸೆಲ್‌ನವರಿಗೆ.

ಶಿಲ್ಪ ಬಿಟ್ಟು ಫೋಟೋ ಹಿಡಿದವರು

ಇದು ಒಬ್ಬರ ಕಥೆಯಲ್ಲ. ಬೆಂಗಳೂರಿನಲ್ಲೇ 1956ರಲ್ಲಿ ಹುಟ್ಟಿದ ಪುಷ್ಪಮಾಲಾ ಎನ್. ಅವರದ್ದೂ ಹೆಚ್ಚುಕಮ್ಮಿ ಇದೇ ದಾರಿ. ಬರೋಡಾದಲ್ಲಿ ಶಿಲ್ಪ ಕಲಿತವರು, ಶಿಲ್ಪಿ ಎಂದೇ ಹೆಸರಾದವರು. 1990ರ ದಶಕದ ನಡುವಿನಲ್ಲಿ ಮಣ್ಣು ಬಿಟ್ಟು ಕ್ಯಾಮರಾ ಮುಂದೆ ತಾವೇ ವೇಷ ಕಟ್ಟಿ ನಿಂತರು. 2000ದಿಂದ 2004ರವರೆಗೆ ಬೆಂಗಳೂರಿನಲ್ಲಿ ಫೋಟೋಗ್ರಾಫರ್ ಕ್ಲೇರ್ ಆರ್ನಿ ಜತೆ ಸೇರಿ ಮಾಡಿದ ಫೋಟೋ ಸರಣಿಯಲ್ಲಿ ‘ದಕ್ಷಿಣ ಭಾರತದ ಹೆಂಗಸರು’ ಎಂದು ಲೋಕ ಯಾವ ಯಾವ ಚಿತ್ರ ಬರೆದಿಟ್ಟಿದೆಯೋ ಅದನ್ನೆಲ್ಲ ತಮ್ಮ ಮೈಮೇಲೆ ಹೊತ್ತು ತೋರಿಸಿದರು. ಅದರಲ್ಲಿ ರವಿವರ್ಮನ ಲಕ್ಷ್ಮಿಯೂ ಇದ್ದಾಳೆ. ಅದೇ ಲಕ್ಷ್ಮಿ! ಬಸವೇಶ್ವರನಗರದ ಒಡವೆ ಅಂಗಡಿಯಿಂದ ಕೆಂಗೇರಿಯ ಕಾಕಾ ಅಂಗಡಿಯವರೆಗೆ ಕ್ಯಾಲೆಂಡರಿನಲ್ಲಿ ನಿಂತು ವ್ಯಾಪಾರ ಕಾಯುವವಳು.

ಚಿತ್ರಕಾರರೊಬ್ಬರು ಶಿಲ್ಪಿಯಾದರು, ಶಿಲ್ಪಿಯೊಬ್ಬರು ಫೋಟೋದವರಾದರು. ಇಬ್ಬರೂ ಹೊರಗಿನಿಂದ ಹೊಸ ಸರಕು ತರಿಸಲಿಲ್ಲ. ಗೋಡೆಯ ಮೇಲಿದ್ದದ್ದು, ರಸ್ತೆಯಲ್ಲಿ ಬಿದ್ದದ್ದು, ಅಂಗಡಿಯಲ್ಲಿ ಸಿಕ್ಕದ್ದು, ಅಷ್ಟೇ.

ಕಾರ್ಖಾನೆಯೊಳಗೆ ಕಲೆ

ಶೀಲಾ ಗೌಡರ ಪ್ರದರ್ಶನಗಳ ಪಟ್ಟಿ ಉದ್ದವಿದೆ. 2012ರಲ್ಲಿ ವೇಲ್ಸ್ ದೇಶದ ಕಾರ್ಡಿಫ್, 2013ರಲ್ಲಿ ಹಾಲೆಂಡಿನ ಐಂಡ್‌ಹೋವನ್, 2014ರಲ್ಲಿ ಬ್ರೆಜಿಲ್‌ನ ಸಾವ್ ಪಾವ್ಲೋ, 2020ರಲ್ಲಿ ಜರ್ಮನಿಯ ಮ್ಯೂನಿಕ್. ಆ ಪಟ್ಟಿಯಲ್ಲಿ 2019ರ ಎರಡು ಊರುಗಳನ್ನು ಮಾತ್ರ ಇಲ್ಲಿಯವರು ಗಮನವಿಟ್ಟು ನೋಡಬೇಕು.

ಒಂದು, ಇಟಲಿಯ ಮಿಲಾನ್. ಅಲ್ಲಿ ಪ್ರದರ್ಶನ ನಡೆದ ‘ಹ್ಯಾಂಗರ್ ಬಿಕೋಕಾ’ ಅರಮನೆಯಲ್ಲ, ರೈಲ್ವೆ ಇಂಜಿನ್ ತಯಾರಿಸುತ್ತಿದ್ದ ಹಳೇ ಕಾರ್ಖಾನೆ. ಕಾರ್ಖಾನೆ ನಿಂತ ಮೇಲೆ ಶೆಡ್ಡನ್ನು ಕೆಡವದೆ ಕಲೆಗೆ ಬಿಟ್ಟುಕೊಟ್ಟರು. ಪ್ರವೇಶಕ್ಕೆ ಕಾಸಿಲ್ಲ. ಆ ವರ್ಷ ವಾರದಲ್ಲಿ ನಾಲ್ಕು ದಿನ ರಾತ್ರಿ 10ರವರೆಗೆ ಬಾಗಿಲು ತೆರೆದಿರುತ್ತಿತ್ತು. ಎರಡನೆಯದು ಸ್ಪೇನಿನ ವಲೆನ್ಸಿಯಾ. ಅಲ್ಲಿ ಪ್ರದರ್ಶನ ನಡೆದ ‘ಬೊಂಬಾಸ್ ಜೆನ್ಸ್’ ಕೂಡ ಮೊದಲು ನೀರಿನ ಪಂಪು ಮಾಡುತ್ತಿದ್ದ ಕಾರ್ಖಾನೆ.

ಇಂಜಿನ್ ಕಾರ್ಖಾನೆ, ಪಂಪು ಕಾರ್ಖಾನೆ! ರಾಜಾಜಿನಗರ ಇಂಡಸ್ಟ್ರಿಯಲ್ ಎಸ್ಟೇಟಿನಲ್ಲಿ, ಕಾಮಾಕ್ಷಿಪಾಳ್ಯದಲ್ಲಿ ಲೇತ್ ಮಿಷನ್ ತಿರುಗಿಸಿ ತಲೆ ಬೆಳ್ಳಗೆ ಮಾಡಿಕೊಂಡವರಿಗೆ ಈ ಮಾತು ಕಿವಿಯಲ್ಲಿ ಗುಂಯ್‌ಗುಡಬೇಕು. ಆ ಊರುಗಳಲ್ಲಿ ಕಾರ್ಖಾನೆ ಮುಚ್ಚಿದರೆ ಅದರೊಳಗೆ ಬೆಂಗಳೂರಿನ ಕಲೆ ಕಾಣುತ್ತದೆ. ಬೆಂಗಳೂರಿನಲ್ಲಿ ಮುಚ್ಚಿದರೆ ಅಪಾರ್ಟ್‌ಮೆಂಟು ಕಾಣುತ್ತದೆ, ಇಲ್ಲವೇ ಮದುವೆ ಛತ್ರ.

ಕಾಸೆಲ್ ಊರನ್ನೂ ನೋಡಿ. ಅದು ರಾಜಧಾನಿಯಲ್ಲ. ಎರಡನೇ ಮಹಾಯುದ್ಧದಲ್ಲಿ ಬಾಂಬು ಬಿದ್ದು ನೆಲಸಮವಾಗಿದ್ದ, ಸುಮಾರು ಎರಡು ಲಕ್ಷ ಜನಸಂಖ್ಯೆಯ ಊರು. 1955ರಲ್ಲಿ ಅಲ್ಲಿ ಶುರುವಾದ ಪ್ರದರ್ಶನಕ್ಕೆ 2007ರಲ್ಲಿ ಬಂದು ಹೋದವರು ಏಳೂವರೆ ಲಕ್ಷ. ಹೋಟೆಲಿನವರು, ಟ್ಯಾಕ್ಸಿಯವರು, ಅಂಗಡಿಯವರು ಎಲ್ಲರಿಗೂ ಅದೇ ಸುಗ್ಗಿ. ಕಲೆ ಅಂದರೆ ದಂಡದ ಖರ್ಚು ಅನ್ನುವ ಲೆಕ್ಕ ಅಲ್ಲಿ ನಡೆಯುವುದಿಲ್ಲ.

ಮೆಜೆಸ್ಟಿಕ್ಕಿನ ಆಚೆಗೇ ಎಲ್ಲ

ಬೆಂಗಳೂರಿನ ಗ್ಯಾಲರಿಗಳು ಎಲ್ಲಿವೆ? ವೆಂಕಟಪ್ಪ ಚಿತ್ರಶಾಲೆ ಕಸ್ತೂರ್‌ಬಾ ರಸ್ತೆಯಲ್ಲಿ. ಚಿತ್ರಕಲಾ ಪರಿಷತ್ತು ಕುಮಾರಕೃಪಾ ರಸ್ತೆಯಲ್ಲಿ. 2009ರಲ್ಲಿ ತೆರೆದ ರಾಷ್ಟ್ರೀಯ ಆಧುನಿಕ ಕಲಾ ಗ್ಯಾಲರಿ ಅರಮನೆ ರಸ್ತೆಯ ಮಾಣಿಕ್ಯವೇಲು ಬಂಗಲೆಯಲ್ಲಿ. ಎಲ್ಲವೂ ಒಳ್ಳೆಯ ಜಾಗಗಳೇ, ಎಲ್ಲವೂ ಬೇಕಾದವೇ. ವೆಂಕಟಪ್ಪ ಚಿತ್ರಶಾಲೆಯನ್ನು ಖಾಸಗಿಯವರ ಉಸ್ತುವಾರಿಗೆ ಬಿಡುವ ಯೋಚನೆ ಸರ್ಕಾರಕ್ಕೆ ಬಂದಾಗ 2016ರಲ್ಲಿ ಕಲಾವಿದರು ಬೀದಿಗಿಳಿದು ಕೂಗಿದ್ದು ಸುಮ್ಮನೆ ಅಲ್ಲ. ಸಾರ್ವಜನಿಕರ ಗೋಡೆ ಸಾರ್ವಜನಿಕರದ್ದಾಗಿಯೇ ಉಳಿಯಬೇಕು.

ಆದರೆ ಸಾರ್ವಜನಿಕರು ಅಂದರೆ ಯಾರು? ಕೆಂಗೇರಿಯಿಂದ ಬೆಳಿಗ್ಗೆ ಎಂಟಕ್ಕೆ ಬಸ್ಸು ಹತ್ತಿ ರಾತ್ರಿ ಎಂಟಕ್ಕೆ ಇಳಿಯುವವನು ಸಾರ್ವಜನಿಕ ಅಲ್ಲವೇ? ಅವನು ಕೆಲಸ ಮುಗಿಸುವ ಹೊತ್ತಿಗೆ ಗ್ಯಾಲರಿಯ ಕಾವಲುಗಾರ ಬೀಗ ಹಾಕಿ ಮನೆಗೆ ಹೋಗಿರುತ್ತಾನೆ. ಅಂಗಡಿಯವರ ಪಾಡು ಇನ್ನೂ ಹೆಚ್ಚು. ಗ್ಯಾಲರಿ ತೆರೆದಿರುವಷ್ಟು ಹೊತ್ತೂ ಅವರ ಗಲ್ಲಾ ತೆರೆದಿರುತ್ತದೆ. ನೇರಳೆ ಮಾರ್ಗದ ಮೆಟ್ರೋ 2021ರ ಆಗಸ್ಟಿನಲ್ಲಿ ಕೆಂಗೇರಿ ಮುಟ್ಟಿತು. ಈಗ ವಿಜಯನಗರದಲ್ಲಿ ಹತ್ತಿದರೆ ಕಬ್ಬನ್ ಪಾರ್ಕಿನಲ್ಲಿ ಇಳಿದು ನಡೆದೇ ಕಸ್ತೂರ್‌ಬಾ ರಸ್ತೆಗೆ ಹೋಗಬಹುದು. ದೂರ ಕಮ್ಮಿಯಾಯಿತು, ನಿಜ. ಹೊತ್ತು ಕಮ್ಮಿಯಾಗಲಿಲ್ಲವಲ್ಲ!

ಈ ಭಾಗಕ್ಕೆ ಕಲೆಯ ನಂಟೇ ಇಲ್ಲ ಅನ್ನುವಂತಿಲ್ಲ. ಸ್ವಾತಂತ್ರ್ಯ ಹೋರಾಟಗಾರರೂ ‘ತಾಯಿನಾಡು’ ಪತ್ರಿಕೆಯ ಸಂಪಾದಕರೂ ಆಗಿದ್ದು, ರಾಜಕೀಯ ಬಿಟ್ಟು ಕುಂಚ ಹಿಡಿದು ಬೆಂಗಳೂರಿನ ಹೂ ಬಿಟ್ಟ ಮರಗಳನ್ನು ಬಣ್ಣದಲ್ಲಿ ಉಳಿಸಿಹೋದ ರುಮಾಲೆ ಚೆನ್ನಬಸವಯ್ಯನವರು 1988ರಲ್ಲಿ ತೀರಿಕೊಂಡರು. ಅವರ ಚಿತ್ರಗಳನ್ನು ಜೋಪಾನ ಮಾಡಿದ್ದು ಯಾವ ಸರ್ಕಾರಿ ಭವನವೂ ಅಲ್ಲ, ರಾಜಾಜಿನಗರದ ಒಂದು ಮನೆ. ಸರ್ಕಾರ ಮಾಡಬೇಕಾದ್ದನ್ನು ಪ್ರೀತಿಯಿದ್ದವರು ಮಾಡಿದರು.

ಕಲಾಗ್ರಾಮ ಇದೆ, ಕೀಲಿಕೈ ತಿರುಗಲಿ

ಹಾಗಾದರೆ ಏನು ಮಾಡಬೇಕು? ಕೋಟಿಗಟ್ಟಲೆ ಸುರಿದು ಹೊಸ ಭವನ ಕಟ್ಟಿ ಅಂತ ಯಾರೂ ಕೇಳುತ್ತಿಲ್ಲ. ಶಂಕುಸ್ಥಾಪನೆಯ ಕಲ್ಲುಗಳು ಈ ನಗರದಲ್ಲಿ ಒರಳುಕಲ್ಲಿಗಿಂತ ಹೆಚ್ಚು ಅನಾಥವಾಗಿ ಬಿದ್ದಿವೆ. ಇರುವುದನ್ನು ಬಳಸಿದರೆ ಸಾಕು.

ಜ್ಞಾನಭಾರತಿಯ ಪಕ್ಕ ಮಲ್ಲತ್ತಹಳ್ಳಿಯಲ್ಲಿ ಕನ್ನಡ ಮತ್ತು ಸಂಸ್ಕೃತಿ ಇಲಾಖೆಯ ಕಲಾಗ್ರಾಮ ಇದೆ. ಬಹಳ ಜನಕ್ಕೆ ಅದು ಗೊತ್ತಾದದ್ದು ಸಾವಿನ ದಿನಗಳಲ್ಲಿ. 2013ರಲ್ಲಿ ಜಿ. ಎಸ್. ಶಿವರುದ್ರಪ್ಪನವರ, 2014ರಲ್ಲಿ ಯು. ಆರ್. ಅನಂತಮೂರ್ತಿಯವರ ಅಂತ್ಯಕ್ರಿಯೆ ನಡೆದದ್ದು ಅಲ್ಲಿಯೇ. ನಾಟಕದವರು ಆ ಜಾಗವನ್ನು ಜೀವಂತವಾಗಿ ಇಟ್ಟಿದ್ದಾರೆ. ಹೆಸರೇ ಕಲಾಗ್ರಾಮ ಅಂದ ಮೇಲೆ ಚಿತ್ರ, ಶಿಲ್ಪ, ಫೋಟೋ ನೋಡುವುದಕ್ಕೆ ಈ ಭಾಗದ ಜನ ಅಲ್ಲಿಗೆ ಸಂಸಾರ ಸಮೇತ ಹೋಗುವ ಹಾಗಾಗಬೇಕು.

ಬೇಕಾದದ್ದು ನಾಲ್ಕೇ ನಾಲ್ಕು. ಒಂದು, ವರ್ಷಕ್ಕೆ ಒಂದಾದರೂ ದೊಡ್ಡ ಪ್ರದರ್ಶನ. ಲೋಕ ನೋಡಿ ಮೆಚ್ಚಿದ ಕರ್ನಾಟಕದ ಕಲಾವಿದರನ್ನು ಮರ್ಯಾದೆಯಿಂದ ಕರೆದು, ಅವರ ಕೆಲಸಕ್ಕೆ ತಕ್ಕ ವ್ಯವಸ್ಥೆ ಮಾಡಿ ನಡೆಸುವುದು. ಎರಡು, ಆ ದಿನಗಳಲ್ಲಿ ರಾತ್ರಿ 9ರವರೆಗೆ ಬಾಗಿಲು ತೆರೆದಿರುವುದು, ಭಾನುವಾರ ಮುಚ್ಚದಿರುವುದು. ಮೂರು, ಪ್ರತಿ ಕೃತಿಯ ಪಕ್ಕ ಕನ್ನಡದಲ್ಲಿ, ಅದೂ ಪಂಡಿತರ ಕನ್ನಡದಲ್ಲಲ್ಲ, ಬಸ್ಸಿನ ಕನ್ನಡದಲ್ಲಿ ನಾಲ್ಕು ಸಾಲು. ನಾಲ್ಕು, ಮೆಟ್ರೋ ನಿಲ್ದಾಣದಿಂದಲೂ ವಿಜಯನಗರದಿಂದಲೂ ನೇರ ಬಸ್ಸು. ಇದಕ್ಕೆ ಬೇಕಾದ ಖರ್ಚು ಒಂದು ಸರ್ಕಾರಿ ಸಮಾರಂಭದ ಶಾಮಿಯಾನ, ಹಾರ, ಫ್ಲೆಕ್ಸಿನಲ್ಲಿ ಕಳೆದುಹೋಗುವ ಹಣಕ್ಕಿಂತ ಹೆಚ್ಚಾಗಲಿಕ್ಕಿಲ್ಲ.

2025ರ ಸೆಪ್ಟೆಂಬರಿನಲ್ಲಿ ಬಿಬಿಎಂಪಿ ಹೋಗಿ ಐದು ಪಾಲಿಕೆಗಳು ಬಂದವು. ಅದರಲ್ಲಿ ಬೆಂಗಳೂರು ಪಶ್ಚಿಮಕ್ಕೆಂದೇ ಒಂದು ಪಾಲಿಕೆ. ಪಶ್ಚಿಮ ಅಂತ ಹೆಸರಿಟ್ಟ ಮೇಲೆ ಪಶ್ಚಿಮಕ್ಕೆ ಏನಾದರೂ ಸಿಗಬೇಕಲ್ಲ? ಕಸ, ಮೋರಿ, ರಸ್ತೆ ಗುಂಡಿ ಮೊದಲು, ಒಪ್ಪೋಣ. ಗುಂಡಿ ಮುಚ್ಚುವುದಕ್ಕೆ ತರುವ ಡಾಂಬರಿನ ಡ್ರಮ್ಮು ಖಾಲಿಯಾದ ಮೇಲಾದರೂ ಪಾಲಿಕೆಯವರು ಕಲೆಯ ನೆನಪು ಮಾಡಿಕೊಳ್ಳಲಿ.

ಯಾಕೆ ಇಷ್ಟು ಒತ್ತಿ ಹೇಳಬೇಕು ಅಂದರೆ, ನಷ್ಟ ಆಗುತ್ತಿರುವುದು ಶೀಲಾ ಗೌಡರಿಗಲ್ಲ. ಅವರಿಗೆ ಲೋಕದ ಗೋಡೆಗಳು ಸಿಕ್ಕಿವೆ. ನಷ್ಟ ಆಗುತ್ತಿರುವುದು ಕೆಂಗೇರಿಯ ಯಾವುದೋ ಸರ್ಕಾರಿ ಶಾಲೆಯ ಹುಡುಗಿಗೆ. ನೋಟ್‌ಬುಕ್ಕಿನ ಕೊನೆಯ ಹಾಳೆಯಲ್ಲಿ ಚಿತ್ರ ಗೀಚಿ ಬೈಸಿಕೊಳ್ಳುವ ಆ ಹುಡುಗಿಗೆ ಅವಳ ಅಜ್ಜಿಯ ಒರಳುಕಲ್ಲು, ಅವಳಮ್ಮ ಹೊಸೆಯುವ ಊದುಬತ್ತಿ, ಅವಳಪ್ಪ ಬಡಿಯುವ ಡ್ರಮ್ಮಿನ ತಗಡು ಇವೆಲ್ಲ ನಾಚಿಕೊಳ್ಳುವ ಸಾಮಾನಲ್ಲ, ಲೋಕ ನಿಂತು ನೋಡುವ ಸಂಗತಿ ಅಂತ ಯಾರು ಹೇಳಬೇಕು? ಬಾಯಲ್ಲಿ ಹೇಳಿದರೆ ನಂಬುವುದಿಲ್ಲ. ಕಣ್ಣಾರೆ ತೋರಿಸಬೇಕು. ತೋರಿಸುವ ಜಾಗದ ಕೀಲಿಕೈ ಇಲಾಖೆಯ ಜೇಬಿನಲ್ಲಿದೆ.